ಇದ್ದಿಲಲ್ಲಿ ಉಳಿದ ನಮ್ಮ ಅಗಸಿ



ರೇಡಿಯೋದಲ್ಲಿ ಹಾಡು ಕೇಳಿಸಬಹುದು, ಮಾತು ಕೇಳಿಸಬಹುದು, ಚಿತ್ರ ತೋರಿಸಲು ಮಾತ್ರ ಬರುವುದಿಲ್ಲ. ಆದರೂ ಇಂದು ನಾನು ಒಂದು ಚಿತ್ರದ ಬಗ್ಗೆಯೇ ಮಾತಾಡಲು ಬಂದಿದ್ದೇನೆ. ನಮ್ಮ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ, ಒಂದು ಮೊಳ ಅಗಲದ ಇದ್ದಿಲ ಚಿತ್ರ ಅದು. ಅದರಲ್ಲಿ ಬಣ್ಣವಿಲ್ಲ, ಮನುಷ್ಯರೂ ಇಲ್ಲ. ಎದುರಿಗೆ ಹಳ್ಳಿಯ ಅಗಸಿ ಇದೆ. ಮರಾಠಿಯಲ್ಲಿ ನಾವೇ ಅದನ್ನು ವೇಸ್ ಎನ್ನುತ್ತೇವೆ. ಅಗಸಿಯ ಹಿಂದೆ ಒಂದು ಓಣಿ, ಎರಡು ಮೂರು ಮಾಳಿಗೆ ಮನೆ, ಪಾಟೀಲರ ವಾಡೆ, ಓಣಿಯ ತುದಿಗೆ ಒಂದು ಗುಡಿಸಲು. ಆ ಹಳ್ಳಿ ಇಂದು ಆ ಜಾಗದಲ್ಲಿ ಇಲ್ಲ. ಕಾಗದದ ಮೇಲೆ ಮಾತ್ರ ಇದೆ.

ನಾನು ಚಿತ್ರಕಲೆ ಕಲಿತವನಲ್ಲ. 1977ರಲ್ಲಿ ಮರಾಠಿ ಶಾಲೆಯಿಂದ ಮ್ಯಾಟ್ರಿಕ್ ಪಾಸಾದೆ. ಮನೆಯ ಮಾತು ಕನ್ನಡ. ಕನ್ನಡ ಅಕ್ಷರ ಕಲಿತದ್ದು ತಾಯಿಯ ತವರಾದ ಬಸವಕಲ್ಯಾಣದ ಕಡೆಯಿಂದ ಬರುತ್ತಿದ್ದ ಪತ್ರಗಳಿಂದ. ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಉಮರ್ಗಾ, ನಿಲಂಗಾ, ಉದಗೀರ ಈ ಮೂರು ಊರುಗಳ ಸುತ್ತಲೇ ನೌಕರಿ ಮುಗಿಸಿದೆ. ಚಿತ್ರವೆಂದರೆ ನಮಗೆ ಕ್ಯಾಲೆಂಡರ್. ಕಲಬುರಗಿಯವರೇ ಆದ ಎಸ್. ಎಂ. ಪಂಡಿತರು (1916–1993) ಬರೆದ ದೇವರ ಚಿತ್ರಗಳು ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ಮನೆಮನೆಯ ಗೋಡೆಗೆ ಬಂದಿದ್ದವು. ಆ ಮೈಬಣ್ಣ, ಆ ರೇಷ್ಮೆಯ ಹೊಳಪು ನೋಡಿ ಬೆಳೆದ ಕಣ್ಣಿಗೆ ಕಪ್ಪು ಮಸಿಯ ಚಿತ್ರ ಹಿಡಿಸುವುದು ಕಷ್ಟ.

1988ರಲ್ಲಿ ನಾನು ನಿಲಂಗಾದಲ್ಲಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರರು ಇದ್ದರು. ಮಹಾರಾಷ್ಟ್ರದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್ಮೀಡಿಯೇಟ್ ಎಂಬ ಎರಡು ಚಿತ್ರಕಲೆ ಪರೀಕ್ಷೆಗಳಿರುವುದು ತಮಗೆಲ್ಲ ಗೊತ್ತು. ಆ ಪರೀಕ್ಷೆಗಳಿಗೆ ಹುಡುಗರನ್ನು ತಯಾರು ಮಾಡುವುದು ಅವರ ಕೆಲಸ. ರಜೆಯ ದಿನ ಸೈಕಲ್ ಹತ್ತಿ ತೇರಣಾ ನದಿಯ ಕಡೆಯ ಹಳ್ಳಿಗಳಿಗೆ ಹೋಗಿ ಚಿತ್ರ ಬರೆಯುವುದು ಅವರ ಹುಚ್ಚು. ವರ್ಗವಾಗಿ ಹೋಗುವಾಗ ಈ ಚಿತ್ರವನ್ನು ನನ್ನ ಕೈಗೆ ಕೊಟ್ಟರು. ನಾನು ನೋಡಿ, "ಗುರುಜಿ, ಇದು ಒಲೆಯ ಮುಂದೆ ಇಟ್ಟ ಕಾಗದದ ಹಂಗ ಕಾಣ್ತದಲ್ರೀ" ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ನೀವು ಕ್ಯಾಶಿನವರು. ನೋಟು ಖರೇನೋ ಖೋಟಾನೋ ಹ್ಯಾಂಗ ನೋಡ್ತೀರಿ?" ಎಂದು ಕೇಳಿದರು.

"ಬೆಳಕಿಗೆ ಹಿಡೀತೀನಿ. ಒಳಗಿನ ಸಿಂಹದ ಗುರುತು ಕಾಣಬೇಕು. ಆಮ್ಯಾಲ ಬೆರಳಿಂದ ಸವರ್ತೀನಿ. ಅಚ್ಚು ಕೈಗೆ ಹತ್ತಬೇಕು."

"ಚಿತ್ರಾನೂ ಹಂಗ ನೋಡ್ರಿ. ಮೊದಲು ಬೆಳಕು ಎಲ್ಲಿಂದ ಬಂದದ ನೋಡ್ರಿ. ಆಮ್ಯಾಲ ಕಣ್ಣಿಲೇ ಸವರ್ರಿ."

ಚಿತ್ರ ನೋಡುವ ವಿದ್ಯೆಯಲ್ಲಿ ನನಗೆ ಸಿಕ್ಕ ಪಾಠ ಇಷ್ಟೇ. ಮೂವತ್ತೇಳು ವರ್ಷ ಅದನ್ನೇ ಅಭ್ಯಾಸ ಮಾಡಿದ್ದೇನೆ.

ಮೊದಲು ಇದ್ದಿಲು ಎಂದರೇನು ನೋಡೋಣ. ಕಟ್ಟಿಗೆಯನ್ನು ಬಯಲಲ್ಲಿ ಸುಟ್ಟರೆ ಬೂದಿಯಾಗುತ್ತದೆ. ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ನೀರು, ಹೊಗೆ ಎಲ್ಲ ಹೋಗಿ ಇಂಗಾಲ ಉಳಿಯುತ್ತದೆ. ಅದೇ ಇದ್ದಿಲು. ಕಮ್ಮಾರನ ಕುಲುಮೆಗೆ ಜಾಲಿಯ ಇದ್ದಿಲು ಬೇಕು, ಏಕೆಂದರೆ ಅದು ಗಟ್ಟಿ. ಚಿತ್ರಕ್ಕೆ ಮೆತ್ತನೆಯದು ಬೇಕು. ಪೇಟೆಯಲ್ಲಿ ದ್ರಾಕ್ಷಿ ಬಳ್ಳಿಯದೋ ವಿಲೋ ಎಂಬ ಮರದ್ದೋ ಕಡ್ಡಿಗಳು ಸಿಗುತ್ತವೆ. ನಮ್ಮ ಮಾಸ್ತರರು ಬೆರಳು ಗಾತ್ರದ ತೊಗರಿ ಕಟ್ಟಿಗೆಯನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಒಲೆಯ ಕೆಂಡದಲ್ಲಿ ಹೂಳಿ ಇಡುತ್ತಿದ್ದರು. ತೊಗರಿಯ ಸೀಮೆಯವರಾದ ನಮಗೆ ಕಡ್ಡಿಗೇನು ಬರವೇ?

ಇದ್ದಿಲಿನಿಂದ ಚಿತ್ರ ಬರೆಯುವುದು ಬಹಳ ಹಳೆಯ ಸಂಗತಿ. ಫ್ರಾನ್ಸ್ ದೇಶದ ಶೋವೆ ಎಂಬ ಗುಹೆ 1994ರಲ್ಲಿ ಬೆಳಕಿಗೆ ಬಂತು. ಅದರ ಗೋಡೆಗಳ ಮೇಲೆ ಇದ್ದಿಲಲ್ಲಿ ಬರೆದ ಕುದುರೆ, ಸಿಂಹಗಳಿಗೆ 30,000 ವರ್ಷಕ್ಕೂ ಹೆಚ್ಚು ವಯಸ್ಸು. ಅಂದರೆ ಮನುಷ್ಯ ಮನೆ ಕಟ್ಟುವುದನ್ನು ಕಲಿಯುವ ಎಷ್ಟೋ ಮೊದಲು ಒಲೆಯ ಇದ್ದಿಲು ಹಿಡಿದು ಚಿತ್ರ ಬರೆದಿದ್ದಾನೆ.

ಈಗ ಬೆಳಕಿನ ಮಾತು. ಇದ್ದಿಲಿಗೆ ಬೆಳಕನ್ನು ಬರೆಯಲು ಬರುವುದಿಲ್ಲ, ಕತ್ತಲೆಯನ್ನು ಮಾತ್ರ ಬರೆಯಲು ಬರುತ್ತದೆ. ಚಿತ್ರದಲ್ಲಿ ಬಿಸಿಲು ಬಿದ್ದ ಜಾಗವೆಂದರೆ ಚಿತ್ರಕಾರ ಮುಟ್ಟದೆ ಬಿಟ್ಟ ಕಾಗದ. ಕೆಲವು ಕಡೆ ಮೊದಲು ಇದ್ದಿಲು ಹಚ್ಚಿ, ಆಮೇಲೆ ರಬ್ಬರಿನಿಂದಲೋ ಬ್ರೆಡ್ಡಿನ ಮೆತ್ತನೆಯ ತಿರುಳಿನಿಂದಲೋ ಒತ್ತಿ ತೆಗೆದು ಬೆಳಕು ಮಾಡುತ್ತಾರೆ. ನಮ್ಮ ಹಳ್ಳಿಯ ಹಿರಿಯರು ಊರ ಮಣ್ಣನ್ನು ಪಾಂಢರಿ ಎಂದೂ ಹೊಲದ ಮಣ್ಣನ್ನು ಕಾಳಿ ಎಂದೂ ಕರೆಯುವುದನ್ನು ಕೇಳಿದ್ದೀರಿ. ಊರು ಬಿಳಿ, ಹೊಲ ಕಪ್ಪು. ಇದ್ದಿಲ ಚಿತ್ರದಲ್ಲಿಯೂ ಹಾಗೆಯೇ. ಕಾಗದ ಪಾಂಢರಿ, ಇದ್ದಿಲು ಕಾಳಿ. ಎರಡೂ ಇದ್ದರೆ ಬಾಳುವೆ.

ನಮ್ಮ ಚಿತ್ರದಲ್ಲಿ ಹೊತ್ತು ಇಳಿದಿದೆ. ಬೆಳಕು ಎಡಗಡೆಯಿಂದ ಅಡ್ಡವಾಗಿ ಬಂದಿದೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಸಂಜೆ ನಾಲ್ಕರ ಮೇಲೆ ಅದೇ ಗೋಡೆಯ ಒಂದೊಂದು ಕಲ್ಲೂ ತನ್ನ ಮಗ್ಗುಲಲ್ಲಿ ಒಂದು ಸಣ್ಣ ನೆರಳು ಇಟ್ಟುಕೊಂಡು ಎದ್ದು ನಿಲ್ಲುತ್ತದೆ. ಇದನ್ನು ಯಾರು ಬೇಕಾದರೂ ನಾಳೆಯೇ ಪರೀಕ್ಷಿಸಿ ನೋಡಬಹುದು. ಅಗಸಿಯ ಕಮಾನಿನ ಕೆಳಗೆ ಮಾಸ್ತರರು ಇದ್ದಿಲನ್ನು ಒತ್ತಿ ಒತ್ತಿ ಹಚ್ಚಿದ್ದಾರೆ. ಆ ಕಪ್ಪಿನ ಆಚೆ ಓಣಿಯ ನೆಲ ಬೆಳ್ಳಗೆ ಹೊಳೆಯುತ್ತದೆ. ಬಿಸಿಲಿನಲ್ಲಿ ನಡೆದು ಬಂದವನು ಅಗಸಿಯ ನೆರಳಿನಲ್ಲಿ ಒಂದು ಗಳಿಗೆ ನಿಂತು ಉಸಿರು ಬಿಡುವ ಸುಖ ಆ ಕಪ್ಪಿನಲ್ಲಿದೆ. ಒಂದು ಮನೆಯ ಬಾಗಿಲು ತೆರೆದಿದೆ. ಒಳಗೆ ಪೂರಾ ಕತ್ತಲೆ. ಆ ಕತ್ತಲೆಯ ನಡುವೆ ನಾಲ್ಕಾಣೆಯಷ್ಟು ಬೆಳಕು ಬಿದ್ದಿದೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಅದು. ಆ ಬೆಳಕಿನ ಬಿಲ್ಲೆ ಎಲ್ಲಿಗೆ ಬಂತು ಎಂದು ನೋಡಿ ನಮ್ಮ ತಾಯಂದಿರು ಹೊತ್ತು ಹೇಳುತ್ತಿದ್ದರು.

ಇನ್ನು ಮೈಯ ಮಾತು. ಕಲ್ಲಿನ ಮೈ, ಮಣ್ಣಿನ ಮೈ, ಕಟ್ಟಿಗೆಯ ಮೈ ಬೇರೆಬೇರೆ. ಇರುವುದು ಒಂದೇ ಕಡ್ಡಿ, ಒಂದೇ ಕಪ್ಪು. ಹಾಗಾದರೆ ಬೇರೆಬೇರೆ ಮೈ ಬರುವುದು ಹೇಗೆ? ಕೈಯ ಚಲನೆಯಿಂದ ಮತ್ತು ಕಾಗದದ ಒರಟಿನಿಂದ. ಕಡ್ಡಿಯನ್ನು ಅಡ್ಡ ಮಲಗಿಸಿ ಎಳೆದರೆ ಇದ್ದಿಲ ಪುಡಿ ಕಾಗದದ ಉಬ್ಬಿಗೆ ಮಾತ್ರ ಹತ್ತುತ್ತದೆ, ತಗ್ಗು ಬಿಳಿಯಾಗಿಯೇ ಉಳಿಯುತ್ತದೆ. ಅಗಸಿಯ ಕರಿಕಲ್ಲು ಬಂದದ್ದು ಹಾಗೆ. ಹಚ್ಚಿದ ಇದ್ದಿಲನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಪುಡಿ ತಗ್ಗಿಗೂ ಇಳಿದು ನುಣ್ಣಗಾಗುತ್ತದೆ. ಮಣ್ಣು ಮೆತ್ತಿ ಸಾರಿಸಿದ ಗೋಡೆ ಬಂದದ್ದು ಹಾಗೆ. ಕಡ್ಡಿಯ ಮೂಲೆಯಿಂದ ಉದ್ದುದ್ದ ಗೀಚಿದ್ದು ವಾಡೆಯ ಸಾಗುವಾನಿ ಬಾಗಿಲಾಯಿತು. ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911–1996) ಗೆರೆಗಳಿಗೆ ಹೆಸರಾದವರು. ಒಂದೇ ಗೆರೆಯಲ್ಲಿ ಕುಣಿಯುವ ಮನುಷ್ಯನನ್ನು ನಿಲ್ಲಿಸಬಲ್ಲವರಾಗಿದ್ದರು. ಇದ್ದಿಲ ಚಿತ್ರದ ದಾರಿ ಬೇರೆ. ಅಲ್ಲಿ ಗೆರೆ ಕಡಿಮೆ, ನೆರಳು ಹೆಚ್ಚು. ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ಎಂಬುದನ್ನು ಗೆರೆಯಲ್ಲ, ಬೆಳಕು ಹೇಳುತ್ತದೆ.

ಬಂಧುಗಳೇ, ಹೀಗೆ ಕಣ್ಣಿನಿಂದ ಸವರಲು ಕಲಿತ ಮೇಲೆ ನನಗೆ ಆ ಗೋಡೆಗಳಲ್ಲಿ ನಮ್ಮ ಸೀಮೆಯ ಚರಿತ್ರೆ ಕಾಣತೊಡಗಿತು.

ಅಗಸಿಯ ಬುಡದ ಎರಡು ಸಾಲು ಕಲ್ಲುಗಳನ್ನು ಮಾಸ್ತರರು ನುಣುಪಾಗಿ, ಮೂಲೆ ಹರಿತವಾಗಿ ಬರೆದಿದ್ದಾರೆ. ಮೇಲಿನವು ಉರುಟು. ಬುಡದವು ಯಾವುದೋ ಹಳೆಯ ಗುಡಿಯ ಕಲ್ಲುಗಳು. ನಮ್ಮ ಭಾಗದಲ್ಲಿ ಇಂಥದು ಅಪರೂಪವಲ್ಲ. ನಿಲಂಗಾದ ನೀಲಕಂಠೇಶ್ವರ ಗುಡಿಗೆ ಹೋದವರು ಕಲ್ಯಾಣ ಚಾಲುಕ್ಯರ ಶೈಲಿಯ ಆ ಕೆತ್ತನೆ ನೋಡಿದ್ದೀರಿ. ಉಮರ್ಗಾದ ಮಹಾದೇವ ಗುಡಿಯನ್ನು ಜನ ಹೇಮಾಡಪಂತಿ ಎನ್ನುತ್ತಾರೆ. ಹದಿಮೂರನೆಯ ಶತಮಾನದ ಯಾದವರ ಮಂತ್ರಿ ಹೇಮಾದ್ರಿಯ ಹೆಸರು ಅದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಕಟ್ಟಡಕ್ಕೆಲ್ಲ ಅವನ ಹೆಸರು ಅಂಟಿಕೊಂಡಿದೆ. ಉದಗೀರದ ಕೋಟೆ, ಕಂದಕ, ಬುರುಜು ಮತ್ತೊಂದು ಕಾಲದ ಕಲ್ಲು. 1760ರ ಫೆಬ್ರವರಿಯಲ್ಲಿ ಸದಾಶಿವರಾವ್ ಭಾವೂನ ಮರಾಠಾ ಸೈನ್ಯ ನಿಜಾಮನ ಸೈನ್ಯವನ್ನು ಸೋಲಿಸಿದ್ದು ಉದಗೀರದ ಕಾಳಗದಲ್ಲಿ. ಅದರ ಮರುವರ್ಷವೇ ಅದೇ ಭಾವೂ ಪಾಣಿಪತ್ತಿನಲ್ಲಿ ಬಿದ್ದ.

ರಾಜರು ಬದಲಾದರು, ಹಳ್ಳಿಯ ಗೋಡೆ ಕಟ್ಟುವ ರೀತಿ ಬದಲಾಗಲಿಲ್ಲ. ನೆಲ ಅಗೆದರೆ ಕರಿಕಲ್ಲು, ಊರ ಬದಿಗೆ ಬಿಳಿ ಮಣ್ಣು. ಎರಡು ಮೊಳ ದಪ್ಪದ ಗೋಡೆ ಕಟ್ಟಿದರೆ ಮೇ ತಿಂಗಳಲ್ಲಿ ತಂಪು, ಪುಷ್ಯಮಾಸದಲ್ಲಿ ಬೆಚ್ಚಗೆ. ಕಳ್ಳಕಾಕರ ಭಯಕ್ಕೆ ಹೊರಗೋಡೆಗೆ ಕಿಟಕಿ ಇಡುತ್ತಿರಲಿಲ್ಲ. ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಕರಲು ಮಣ್ಣು. ಮರಾಠಿಯಲ್ಲಿ ಮಾಳವದ ಎನ್ನುವುದು ಇದನ್ನೇ. ಮೃಗಶಿರ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ತುಳಿಯುವುದು ವರ್ಷವರ್ಷದ ಕೆಲಸ. ನಿಲಂಗಾ, ಉದಗೀರ ತಾಲೂಕುಗಳು ನಿಜಾಮರ ಕಾಲದಲ್ಲಿ ಬೀದರ ಜಿಲ್ಲೆಯಲ್ಲಿದ್ದವು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಈ ತಾಲೂಕುಗಳು ಬೀದರ ಬಿಟ್ಟು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಹೋದವು, 1960ರಲ್ಲಿ ಮಹಾರಾಷ್ಟ್ರ ಆಯಿತು, 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾಯಿತು. ಬೀದರದ ಹಳ್ಳಿಯ ಮಾಳಿಗೆ, ಉದಗೀರದ ಹಳ್ಳಿಯ ಮಾಳವದ, ಹೆಸರು ಎರಡು, ಮಣ್ಣು ಒಂದೇ. ಗಡಿ ಎಳೆದವರು ಗೋಡೆ ಕಟ್ಟಿದವರನ್ನು ಕೇಳಿರಲಿಲ್ಲ.

ಇಷ್ಟೆಲ್ಲ ನೋಡಿ ಸಂತೋಷಪಡುತ್ತಿದ್ದೆ. ಆಗ 1993 ಬಂತು.

ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ಮರುದಿನ, 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ 52 ಹಳ್ಳಿಗಳು ನೆಲಸಮವಾದವು. ಸತ್ತವರು 8,000ಕ್ಕೆ ಸಮೀಪ ಎಂದು ಒಂದು ಲೆಕ್ಕ, 10,000ಕ್ಕೆ ಸಮೀಪ ಎಂದು ಇನ್ನೊಂದು. ಆಗಿನ ಸರಕಾರಿ ಭೂಕಂಪ ನಕಾಶೆಯಲ್ಲಿ ನಮ್ಮ ಭಾಗ ಮೊದಲನೆಯ ವಲಯದಲ್ಲಿತ್ತು, ಅಂದರೆ ಎಲ್ಲಕ್ಕಿಂತ ಕಡಿಮೆ ಭಯದ ಜಾಗ. 2002ರಲ್ಲಿ ತಿದ್ದಿದ ನಕಾಶೆಯಲ್ಲಿ ಆ ಮೊದಲನೆಯ ವಲಯವನ್ನೇ ತೆಗೆದುಹಾಕಿದರು.

ನಿಲಂಗಾದ ನನ್ನ ಬಾಡಿಗೆ ಮನೆಯ ಗೋಡೆ ಬಿರುಕು ಬಿಟ್ಟಿತು, ಚಿತ್ರ ಗೂಟದಲ್ಲಿ ಹಾಗೆಯೇ ಉಳಿಯಿತು. ಚಿತ್ರದಲ್ಲಿದ್ದ ಹಳ್ಳಿ ಉಳಿಯಲಿಲ್ಲ.

ಮುಂದೆ ಪರಿಹಾರದ ಹಣಕ್ಕೆ ಬ್ಯಾಂಕಿನಲ್ಲಿ ಖಾತೆ ತೆರೆಯುವ ಕೆಲಸ ಬಂತು. ಹೆಬ್ಬೆಟ್ಟಿನ ಗುರುತು ಒತ್ತಿಸಿ ಒತ್ತಿಸಿ ನಮ್ಮ ಕೈಯೂ ಮಸಿಯಾಗುತ್ತಿತ್ತು. ಆ ಹಳ್ಳಿಯ ಒಬ್ಬ ಮುದುಕಿಯ ಹತ್ತಿರ, ನಿಮ್ಮ ಊರಿನ ಚಿತ್ರ ನಮ್ಮ ಮನೆಯಲ್ಲಿದೆ ಎಂದು ಬಾಯಿ ತಪ್ಪಿ ಹೇಳಿದೆ. ಸಂಜೆ ಆಕೆ ಮನೆಗೇ ಬಂದಳು. ಮಗ, ಸೊಸೆ, ಮೊಮ್ಮಗಳನ್ನು ಕಳಕೊಂಡವಳು. ಚಿತ್ರದ ಮುಂದೆ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತೆರೆದ ಬಾಗಿಲ ಪಕ್ಕದ ಗೋಡೆಗೆ ಬೆರಳು ಇಟ್ಟಳು.

"ಯಪ್ಪಾ, ಈ ಗ್ವಾಡಿ ನಾನೇ ಸಾರಿಸಿದ್ದು. ನೋಡು, ನನ್ನ ಕೈ ಹಿಂಗ ತಿರಗ್ತದ."

ಅಲ್ಲಿ ಮಣ್ಣಿನ ಗೋಡೆಯ ಮೇಲೆ ಅರ್ಧ ಚಂದ್ರದಂಥ ಸಣ್ಣ ಸಣ್ಣ ಬಳುಕುಗಳಿದ್ದವು. ಐದು ವರ್ಷ ಆ ಚಿತ್ರ ನೋಡಿದ್ದ ನನಗೆ ಅವು ಮಾಸ್ತರರ ಬೆರಳಿನ ಚಲನೆ ಎನಿಸಿದ್ದವು. ಅವು ಒಬ್ಬ ಹೆಣ್ಣುಮಗಳು ಸೆಗಣಿ ಮಣ್ಣು ಕಲಸಿ ಗೋಡೆ ಸಾರಿಸಿದ ಕೈಯ ಗುರುತು. ಬಿಸಿಲು ಅಡ್ಡ ಬಿದ್ದಿತ್ತು, ಆ ಗುರುತುಗಳು ಎದ್ದು ಕಂಡವು, ಮಾಸ್ತರರು ನಿಷ್ಠೆಯಿಂದ ಬರೆದರು.

ಮುಟ್ಟಬೇಡ ಆಯಿ ಎನ್ನಲು ನನಗೆ ಬಾಯಿ ಬರಲಿಲ್ಲ. ಆಗ ಚಿತ್ರಕ್ಕೆ ಕಾಜು ಇರಲಿಲ್ಲ. ಇದ್ದಿಲು ಉದುರದಂತೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಸಿಂಪಡಿಸುತ್ತಾರೆ. ನಮ್ಮ ಮಾಸ್ತರರು ಅದನ್ನು ತೆಳ್ಳಗೆ ಸಿಂಪಡಿಸಿದ್ದರೋ ಏನೋ, ಆಕೆಯ ಬೆರಳಿಗೆ ಕಪ್ಪು ಹತ್ತಿತು, ಗೋಡೆಯ ಮೇಲೆ ಒಂದು ಬಿಳಿ ಗುರುತು ಉಳಿಯಿತು. ಆಮೇಲೆ ಕಾಜು ಹಾಕಿಸಿದೆ. ಆ ಗುರುತನ್ನು ತಿದ್ದಿಸಲಿಲ್ಲ.

ಆಕೆ ಹೋದ ಮೇಲೆ ರಾತ್ರಿ ದೀಪ ಹಿಡಿದು ಚಿತ್ರವನ್ನು ಮತ್ತೆ ನೋಡಿದೆ. ನಾನು ಮೆಚ್ಚಿದ ಆ ಆಳವಾದ ಕಪ್ಪು ಏನು? ಬಾಗಿಲಿನ ಒಳಮೈಯ ನೆರಳು ಅಷ್ಟು ಅಗಲ ಏಕೆ? ಗೋಡೆ ಅಷ್ಟು ದಪ್ಪ ಇದೆ, ಅದಕ್ಕೆ. ಮಾಳಿಗೆಯ ಅಂಚಿನ ಕಪ್ಪು ಪಟ್ಟಿ ಅಷ್ಟು ಎತ್ತರ ಏಕೆ? ತಲೆತಲಾಂತರದಿಂದ ಮಣ್ಣಿನ ಮೇಲೆ ಮಣ್ಣು ಹಾಕಿದ್ದಾರೆ, ಅದಕ್ಕೆ. ಗುಮಾಸ್ತನ ಬುದ್ಧಿ, ಲೆಕ್ಕ ಹಾಕಿದೆ. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ. ಹತ್ತು ಅಡಿಗೆ ಹತ್ತು ಅಡಿ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ 150 ಘನ ಅಡಿ, ಅಂದರೆ 6,750 ಕಿಲೋ. ನೂರು ಕಿಲೋದ 67 ಚೀಲ ಜೋಳವನ್ನು ತಲೆಯ ಮೇಲೆ ಪೇರಿಸಿಟ್ಟು ಕೆಳಗೆ ಮಕ್ಕಳನ್ನು ಮಲಗಿಸಿದಂತೆ.

ತಜ್ಞರು ಬಂದು ಹೇಳಿದ್ದೂ ಅದೇ. ಗೋಡೆಗೆ ಒಳಮೈ ಬೇರೆ, ಹೊರಮೈ ಬೇರೆ. ನಡುವೆ ಸಣ್ಣ ಕಲ್ಲು, ಮಣ್ಣು. ಎರಡನ್ನೂ ಹಿಡಿದು ಕಟ್ಟುವ ಉದ್ದ ಕಲ್ಲು ಇರಲಿಲ್ಲ. ಉರುಟು ಕಲ್ಲುಗಳು ಮಣ್ಣಿನ ಹಿಡಿತ ಬಿಟ್ಟು ಉರುಳಿದವು, ಮೇಲಿನ ಮಣ್ಣು ಒಮ್ಮೆಗೇ ಇಳಿಯಿತು. ಕೆಲವು ಕಡೆ ಕಂಬ ತೊಲೆಗಳ ಚೌಕಟ್ಟು ನಿಂತೇ ಇತ್ತು, ಗೋಡೆಗಳು ಮಾತ್ರ ಬಿದ್ದಿದ್ದವು. ಹಗುರವಾದ ಹುಲ್ಲಿನ ಗುಡಿಸಲುಗಳು ಬಹುಮಟ್ಟಿಗೆ ಉಳಿದವು.

ಆಗ ನನ್ನ ಕಣ್ಣು ಚಿತ್ರದ ತುದಿಯ ಗುಡಿಸಲಿಗೆ ಹೋಯಿತು. ವಾಡೆಗೆ, ಅಗಸಿಗೆ ಅಷ್ಟು ಇದ್ದಿಲು ಸುರಿದ ಮಾಸ್ತರರು ಆ ಗುಡಿಸಲಿಗೆ ಎಂಟು ಹತ್ತು ಗೀರು ಎಳೆದು ಬಿಟ್ಟಿದ್ದಾರೆ. ತೊಗರಿ ಕಟ್ಟಿಗೆಯ ತಡಿಕೆ, ಮೇಲೆ ಹುಲ್ಲು. ಚಿತ್ರ ಅಲ್ಲಿ ಅಪೂರ್ಣವಾಗಿದೆ ಎಂದು ನಾನು ತಿಳಿದಿದ್ದೆ. ಊರಿನಲ್ಲಿ ಎಲ್ಲರಿಗಿಂತ ಬಡವರ ಮನೆ ಅದು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ, ನಾನೂ ನೋಡಿರಲಿಲ್ಲ. ಮಾಸ್ತರರ ಕೈ ಮಾತ್ರ ಸುಳ್ಳು ಹೇಳಿರಲಿಲ್ಲ. ಭಾರವಾದದ್ದನ್ನು ಭಾರವಾಗಿ, ಹಗುರವಾದದ್ದನ್ನು ಹಗುರವಾಗಿ ಬರೆದಿದ್ದರು. ಉತ್ತರ ಮೊದಲೇ ಗೋಡೆಯ ಮೇಲೆ ತೂಗುತ್ತಿತ್ತು. ಓದಲು ನಮಗೆ ಬರಲಿಲ್ಲ.

ಈಗ ಆ ಹಳ್ಳಿಯವರು ಬೇರೆ ಜಾಗದ ಹೊಸ ಊರಿನಲ್ಲಿದ್ದಾರೆ. ನೇರ ರಸ್ತೆ, ಸಾಲು ಮನೆ, ತೆಳುವಾದ ಗೋಡೆ, ದೊಡ್ಡ ಕಿಟಕಿ. ಬೇಸಿಗೆಯಲ್ಲಿ ಕಾಯುತ್ತದೆ ಎಂದು ಜನ ಗೊಣಗುತ್ತಾರೆ. ನಿಜ. ಆದರೆ ಮಕ್ಕಳು ಆ ಮನೆಯಲ್ಲಿ ಮಲಗಿ ಬೆಳಿಗ್ಗೆ ಏಳುತ್ತಾರೆ ಎಂಬ ಭರವಸೆಗಿಂತ ತಂಪು ದೊಡ್ಡದಲ್ಲ. ಹಳೆಯ ಮನೆಗಳನ್ನೇ ಮತ್ತೆ ಕಟ್ಟಿ ಎಂದು ಹೇಳಲು ನಾನು ಬಂದಿಲ್ಲ. ಇಂದಿಗೂ ಹಳೆಯ ಮಾಳಿಗೆಯಲ್ಲಿ ವಾಸವಿರುವವರು ಮೇಲಿನ ಮಣ್ಣಿನ ಭಾರ ಇಳಿಸಲಿ, ಗೋಡೆಗೆ ಕಟ್ಟುಗಲ್ಲು ಕೂಡಿಸುವುದನ್ನು ಬಲ್ಲವರನ್ನು ಕೇಳಿ ಮಾಡಿಸಲಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಮಾತು ನಮ್ಮ ಮಕ್ಕಳಿಗೆ. ಉಮರ್ಗಾ, ನಿಲಂಗಾ, ಉದಗೀರದ ಸುತ್ತ ಇನ್ನೂ ಕೆಲವು ಗಢಿ, ವಾಡೆ, ಅಗಸಿ ಅರೆಬರೆ ನಿಂತಿವೆ. ವರ್ಷಕ್ಕೊಂದು ಕುಸಿಯುತ್ತಿದೆ. ಚಿತ್ರಕಲೆ ಪರೀಕ್ಷೆಗೆ ಕೂಡುವ ಹುಡುಗ ಹುಡುಗಿಯರು ಹೂಜಿ, ಹಣ್ಣು ಬರೆಯುವುದರ ಜೊತೆಗೆ ಒಂದು ದಿನ ಆ ಗೋಡೆಗಳ ಮುಂದೆ, ಬೀಳುವ ಅಂತರ ಬಿಟ್ಟು, ಕುಳಿತುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಹೋಗಿ. ಕಣ್ಣು ಅರ್ಧ ಮುಚ್ಚಿ ನೋಡಿ, ಆಗ ಸಣ್ಣಪುಟ್ಟದ್ದು ಮಾಯವಾಗಿ ಬೆಳಕು ಎಷ್ಟು, ನೆರಳು ಎಷ್ಟು ಎಂದು ತಿಳಿಯುತ್ತದೆ. ಮೊದಲು ದೊಡ್ಡ ನೆರಳುಗಳನ್ನು ಹಾಕಿ. ಬಿಸಿಲಿನ ಜಾಗ ಮುಟ್ಟಬೇಡಿ. ಕಡೆಗೆ ಹತ್ತಿರ ಹೋಗಿ ಗೋಡೆಯ ಮೈ ನೋಡಿ, ಯಾರ ಕೈಯ ಗುರುತು ಉಳಿದಿದೆ ಎಂದು ಹುಡುಕಿ. ಕಾಗದದ ಹಿಂದೆ ಊರ ಹೆಸರು, ತಾರೀಖು ಬರೆದಿಡಿ. ಕನ್ನಡದಲ್ಲಿ ಬರೆಯಿರಿ, ಮರಾಠಿಯಲ್ಲಿ ಬರೆಯಿರಿ, ಎರಡರಲ್ಲಿಯೂ ಬರೆದರೆ ಇನ್ನೂ ಒಳ್ಳೆಯದು. ನಮ್ಮ ಮಾಸ್ತರರು ಅದೊಂದನ್ನು ಬರೆದಿರಲಿಲ್ಲ. ಆ ಮುದುಕಿ ಬಂದು ಬೆರಳು ಇಟ್ಟು ಹೇಳದಿದ್ದರೆ ಆ ಗೋಡೆ ಯಾರದೆಂದು ಇಂದು ನನಗೂ ತಿಳಿಯುತ್ತಿರಲಿಲ್ಲ.

ಆಕೆಯೂ ಈಗಿಲ್ಲ, ಮಾಸ್ತರರೂ ಇಲ್ಲ. ಸಂಜೆ ನಮ್ಮ ಪಡಸಾಲೆಯ ಕಿಟಕಿಯಿಂದ ಬಿಸಿಲು ಅಡ್ಡ ಬಂದು ಚಿತ್ರದ ಕಾಜಿನ ಮೇಲೆ ಬಿದ್ದಾಗ, ತೆರೆದ ಬಾಗಿಲ ಪಕ್ಕದ ಗೋಡೆಯಲ್ಲಿ ಆಕೆಯ ಬೆರಳಿನ ಬಿಳಿ ಗುರುತು ಕಾಣುತ್ತದೆ. ಮೊಮ್ಮಗ ಅದು ಏನು ಎಂದು ಕೇಳಿದ. ಅದು ಆ ಮನೆಯ ಯಜಮಾನಿಯ ಸಹಿ ಎಂದು ಹೇಳಿದೆ.